ಕಟ್ ಎಂದ ಮೇಲಿನ ನಲವತ್ತು ಅಡಿ

ಮೊದಲೇ ಹೇಳಿಬಿಡುತ್ತೇನೆ. ನನ್ನ ನೆನಪಿನ ಮೇಲೆ ಅನುಮಾನ ಇರುವವರು ಈಗಲೇ ಕಿವಿ ಮುಚ್ಚಿಕೊಳ್ಳಿ, ನನ್ನ ಉಸಿರೂ ಉಳಿಯುತ್ತದೆ, ನಿಮ್ಮ ಹೊತ್ತೂ ಉಳಿಯುತ್ತದೆ. ಹೋದ ಸಲ ಹೇಳಿದಾಗ ನಿಮ್ಮಲ್ಲೇ ಒಬ್ಬರು, 'ಏನಜ್ಜ, ಯುದ್ಧದ ಕಾಲದಲ್ಲಿ ಜನಕ್ಕೆ ಅಕ್ಕಿ ಇರ್ಲಿಲ್ಲ, ಸಿನಿಮಾಕ್ಕೆ ಪ್ರಶಸ್ತಿ ಯಾರು ಕೊಡ್ತಿದ್ರು' ಎಂದು ನಕ್ಕಿರಿ. ಅಕ್ಕಿ ಇರಲಿಲ್ಲ, ಅದಕ್ಕೇ ಪ್ರಶಸ್ತಿ ಕೊಡುತ್ತಿದ್ದರು. ಇವತ್ತು ಬೆಳಗ್ಗೆ ಏನು ತಿಂದೆ ಎನ್ನುವುದು ನನಗೆ ನೆನಪಿಲ್ಲ, ಒಪ್ಪಿದೆ. ಆದರೆ ಯುದ್ಧದ ಎರಡನೇ ಚಳಿಗಾಲ ಮುಗಿಯುತ್ತಿದ್ದ ಆ ಮಾರ್ಚ್ ತಿಂಗಳ ಮಧ್ಯಾಹ್ನ, ಕ್ಯೋಟೋದ ಆ ಸಭಾಂಗಣದಲ್ಲಿ ಛಾಯಾಗ್ರಾಹಕ ಕುರಮಿತ್ಸು ಎಯ್ಸಾಕು ಯಾವ ಕಾಲು ಮುಂದಿಟ್ಟು ವೇದಿಕೆ ಹತ್ತಿದ ಎಂದು ಕೇಳಿ, ಹೇಳುತ್ತೇನೆ. ಎಡಗಾಲು. ನಾನು ಅಲ್ಲಿದ್ದೆ, ಸ್ಟುಡಿಯೋದಲ್ಲಿ ಚಾಕರಿ ಮಾಡುವ ಹುಡುಗ. ಕಣ್ಣಿಗೆ ಕಾಣದ್ದನ್ನು, ಅಂದರೆ ಅವನ ಹೊಟ್ಟೆಯೊಳಗೆ ಏನು ನಡೆಯುತ್ತಿತ್ತು ಎಂಬುದನ್ನು, ಆಮೇಲೆ ಅವನೇ ನನಗೆ ಹೇಳಿದ. ಒಂದು ಸಲವಲ್ಲ, ನನಗೆ ಬಾಯಿಪಾಠವಾಗುವಷ್ಟು ಸಲ.

ಅಂದು ಬೆಳಗ್ಗೆ ಕುರಮಿತ್ಸು ಖಾಕಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ನಿಂತಿದ್ದ. ಹಿತ್ತಾಳೆ ಗುಂಡಿಗಳನ್ನೆಲ್ಲ ಯುದ್ಧಕ್ಕೆಂದು ಬೀದಿಯ ಸಮಿತಿಯವರು ಬಂದು ಕಿತ್ತುಕೊಂಡು ಹೋಗಿದ್ದರು. ಹೆಂಡತಿ ಸುಗಾ ಆ ಜಾಗದಲ್ಲಿ ಪಿಂಗಾಣಿ ಗುಂಡಿ ಹೊಲಿದಿದ್ದಳು. ಅವು ಬೆರಳಿಗೆ ತಣ್ಣಗೆ ತಾಗಿ ಜಾರುತ್ತಿದ್ದವು. ಮೂರನೆಯ ಗುಂಡಿಯನ್ನು ಹಿಡಿದು ಅವನು ಕಿಟಕಿಯ ಬೆಳಕನ್ನು ನೋಡಿದ. ಮಬ್ಬು ಬೆಳಕು. ಈ ಬೆಳಕಿಗೆ ಕಣ್ಣನ್ನು ಎಷ್ಟು ತೆರೆಯಬೇಕು, ಮಸೂರವನ್ನು ಎಷ್ಟು ತೆರೆಯಬೇಕು ಎಂದು ಇಪ್ಪತ್ತೆರಡು ವರ್ಷದ ಅಭ್ಯಾಸ ತನ್ನಷ್ಟಕ್ಕೆ ಲೆಕ್ಕ ಹಾಕಿತು. ಹಾಗೆ ಲೆಕ್ಕ ಹಾಕಿದ್ದಕ್ಕೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಆದರೂ ರಾತ್ರಿ ಮಾಡಿದ ಒಂದು ತೀರ್ಮಾನ ಕದಲಿರಲಿಲ್ಲ.

"ಏನ್ರೀ ಅದು, ಗುಂಡಿ ಹಾಕೋಕೆ ಅರ್ಧ ಗಂಟೆ? ಹೋಗ್ತಿರೋದು ಪ್ರಶಸ್ತಿ ತಗೊಳ್ಳೋಕೋ, ನೇಣು ಹಾಕಿಸ್ಕೊಳ್ಳೋಕೋ?"

"ಇವತ್ತು ಹೇಳಿಬಿಡ್ತೀನಿ ಕಣೇ."

"ಏನಂತ?"

"ಆ ಶಾಟ್ ನಂದಲ್ಲ, ಇಕುನೊ ತೆಗೆದಿದ್ದು ಅಂತ. ಅವನ ಮೇಲೆ ದೂರು ಬರೆದುಕೊಟ್ಟಿದ್ದು ನಾನು ಅಂತ."

ಸುಗಾ ಮೂಲಂಗಿ ಹೆಚ್ಚುತ್ತಿದ್ದ ಚಾಕುವನ್ನು ನಿಲ್ಲಿಸಲಿಲ್ಲ. "ಹೇಳಿ. ಚೆನ್ನಾಗಿ ಹೇಳಿ. ನಾಳೆ ಕಂಪನಿಯವರು 'ಇವನಿಲ್ಲದೆ ನಮ್ಮ ಕೆಲಸ ನಡಿಯಲ್ಲ' ಅಂತ ಸೈನ್ಯಕ್ಕೆ ಬರೆದುಕೊಡೋ ಪಟ್ಟಿಯಿಂದ ನಿಮ್ಮ ಹೆಸರನ್ನೂ ಹೊಡೆದುಹಾಕ್ತಾರೆ. ಈ ವಯಸ್ಸಿಗೆ ಬಂದೂಕು ಕೊಡ್ದೆ ಇದ್ರೂ ಗಣಿಗೆ ಕಳಿಸ್ತಾರೆ."

"ಕಳಿಸ್ಲಿ."

"ಕಳಿಸ್ಲಿ ಅಂತೆ! ಮೂಲವ್ಯಾಧಿ ಇಟ್ಕೊಂಡು ಕಲ್ಲಿದ್ದಲು ಅಗೀತಾರಂತೆ." ಚಾಕು ಈಗ ನಿಂತಿತು. "ನುಯಿ ಬರ್ತಾಳೆ ಇವತ್ತು. ಫಿಲ್ಮ್ ಅಂಟಿಸೋ ಕೋಣೆಯ ಹೆಂಗಸರಿಗೆಲ್ಲ ಹಿಂದಿನ ಸಾಲು ಕೊಟ್ಟಿದಾರೆ. ಗೊತ್ತು ತಾನೆ?"

"ಗೊತ್ತು. ಅದಕ್ಕೇ ಇವತ್ತು."

ಇಕುನೊ ಕುರಮಿತ್ಸುವಿನ ಕ್ಯಾಮೆರಾ ಸಹಾಯಕ, ಶಿಷ್ಯ. ನುಯಿ ಅವನ ಹೆಂಡತಿ. ಹೊರಡುವಾಗ ಸುಗಾ ಅವನ ಕೊರಳ ಪಟ್ಟಿಯನ್ನು ಎಳೆದು ಸರಿಮಾಡಿದಳು. ಅಗತ್ಯಕ್ಕಿಂತ ಸ್ವಲ್ಪ ಜೋರಾಗಿಯೇ ಎಳೆದಳು.

ಟ್ರಾಮಿನಲ್ಲಿ ನಿಂತುಕೊಂಡೇ ಹೋದ. ಗಾಜಿನ ಮೇಲೆ ಜನರ ಉಸಿರು ಕೂತು ಊರು ಕರಗಿಹೋಗಿತ್ತು. ಯಾರದೋ ತೋಳು ಆ ಮಂಜನ್ನು ಒರೆಸಿದಾಗ ಒಂದು ಪಟ್ಟಿಯಷ್ಟು ಬೀದಿ ಕಂಡಿತು, ಮತ್ತೆ ಮುಚ್ಚಿತು. ಹೋದ ವರ್ಷ ಚಿತ್ರೀಕರಣದ ದಿನ ಹೋಜು ನದಿಯ ಮೇಲೂ ಮಂಜು ಹೀಗೇ ಮುಚ್ಚಿ ಹೀಗೇ ಬಿಡುತ್ತಿತ್ತು. ನಲವತ್ತು ಜನ ಕಾಲಾಳುಗಳ ವೇಷದಲ್ಲಿ ಮಂಡಿಮಟ್ಟದ ನೀರಿನಲ್ಲಿ ದಾಟಬೇಕು, ಅಷ್ಟೇ ಶಾಟ್. ಫಿಲ್ಮು ಮದ್ದುಗುಂಡಿನ ಸಮಾನ ಎಂದು ಸರ್ಕಾರ ಅಡಿ ಲೆಕ್ಕದಲ್ಲಿ ಕೊಡುತ್ತಿದ್ದ ಕಾಲ. ಒಂದು ಶಾಟಿಗೆ ಒಂದೇ ಅವಕಾಶ, ಕಟ್ ಎಂದರೆ ಆ ಉಸಿರಿನಲ್ಲೇ ಕ್ಯಾಮೆರಾ ನಿಲ್ಲಬೇಕು. ಅಂಥ ಶಾಟಿಗೆ ಮಂಜು ತಿಳಿಯಾಗಲೆಂದು ಎರಡು ಗಂಟೆ ಕಾದರು. ಎರಡನೆಯ ಗಂಟೆಯ ಕೊನೆಗೆ ಕುರಮಿತ್ಸುವಿನ ಹೊಟ್ಟೆ ಕೆಟ್ಟಿತು. ಬೆಳಗ್ಗೆ ತಿಂದ ಹೊಟ್ಟಿನ ಗಂಜಿಯೋ ಚಳಿಯೋ, ಯಾರಿಗೆ ಗೊತ್ತು. 'ಕಣ್ಣಿಟ್ಟಿರು, ಈಗ ಬಂದೆ' ಎಂದು ಇಕುನೊಗೆ ಹೇಳಿ ಬಿದಿರಿನ ಮೆಳೆಯ ಹಿಂದಕ್ಕೆ ಓಡಿದ. ಓಡಿ ಕುಕ್ಕರಿಸಿದ್ದೇ ತಡ, ಮಂಜು ತಿಳಿಯಾಯಿತು, ಕೆಳಗೆ ನಿರ್ದೇಶಕ ಕೂಗಿದ, ನೀರು ಸದ್ದು ಮಾಡಿತು. ತನ್ನ ಕ್ಯಾಮೆರಾ ತಾನಿಲ್ಲದೆ ತಿರುಗುವುದನ್ನು ಅವನು ಬಿದಿರಿನ ಎಲೆಗಳ ನಡುವೆ, ಬರಿ ಕುಂಡೆಗೆ ಹಿಮದ ಗಾಳಿ ಬಡಿಯುತ್ತಿರುವಾಗ, ಕೇಳಿಸಿಕೊಂಡ. 'ಕಟ್' ಎಂಬ ಕೂಗೂ ಕೇಳಿಸಿತು. ಕ್ಯಾಮೆರಾ ನಿಲ್ಲಲಿಲ್ಲ. ಲಾಡಿ ಕಟ್ಟಿಕೊಳ್ಳುತ್ತಾ ಓಡಿಬಂದು, 'ನಿಲ್ಲಿಸೋ, ನಿಲ್ಲಿಸೋ ಮುಂಡೇದೆ' ಎಂದು ಕಿರುಚಿದಾಗ ಇಕುನೊ ಕಣ್ಣನ್ನು ಕಿಂಡಿಯಿಂದ ತೆಗೆಯದೆ ಎಡಗೈಯನ್ನು ಮಾತ್ರ ಎತ್ತಿದ, ತಾಳಿ ಎನ್ನುವ ಹಾಗೆ. ಶಿಷ್ಯ ಗುರುವಿಗೆ ಕೈ ಎತ್ತಿದ್ದ. ಹೊಳೆಯ ನಡುವೆ ಎಲ್ಲರೂ ನಿಂತು ಬೈದಾಡುತ್ತಾ ಹಿಂದಿರುಗುತ್ತಿದ್ದರು. ಗೊಹೇ ಎಂಬ ಮುದುಕ ಮಾತ್ರ, ಕಿವಿ ಮಂದವಾದ್ದರಿಂದ, ಕಟ್ ಎಂದದ್ದು ತಿಳಿಯದೆ, ಬೆನ್ನ ಮೇಲೆ ಗಂಟು ಹೊತ್ತು ಒಬ್ಬನೇ ದಾಟುತ್ತಿದ್ದ. ಆಚೆ ದಡ ಹತ್ತಿದ, ತಿರುಗಿ ನೋಡಿದ, ಯಾರೂ ಇರಲಿಲ್ಲ. ಅವನ ಹಿಂದೆ ಮಂಜು ಬಾಗಿಲಿನ ಹಾಗೆ ತೆರೆದು ಮುಚ್ಚಿತು. ಆಗ ಇಕುನೊ ಕ್ಯಾಮೆರಾ ನಿಲ್ಲಿಸಿದ. ನಲವತ್ತು ಅಡಿ.

'ಯಾಕೋ?' ಎಂದಿದ್ದಕ್ಕೆ ಇಕುನೊ, 'ಆ ಅಜ್ಜ ಇನ್ನೂ ನಡೀತಿದ್ರು ಗುರುಗಳೇ, ಅರ್ಧದಲ್ಲಿ ಹೇಗೆ ಬಿಡೋದು' ಎಂದಿದ್ದ.

ಮರುದಿನ ಕಚೇರಿಯಲ್ಲಿ ಒಂದು ಅಚ್ಚಿನ ಹಾಳೆ ಕೊಟ್ಟರು. ನಷ್ಟವಾದ ಅಡಿ, ಕಾರಣ, ಹೊಣೆಗಾರ. ಕುರಮಿತ್ಸು ಲೇಖನಿ ಹಿಡಿದ. ತಾನು ಆ ಹೊತ್ತಿನಲ್ಲಿ ಕ್ಯಾಮೆರಾದ ಬಳಿ ಇರಲಿಲ್ಲ ಎಂದು ಬರೆದರೆ ಎಲ್ಲಿದ್ದೆ ಎಂದು ಕೇಳುತ್ತಾರೆ. ಬಿದಿರಿನ ಹಿಂದೆ ಎಂದರೆ ಮೂರು ದಿನ ಇಡೀ ಸ್ಟುಡಿಯೋ ನಗುತ್ತದೆ. ನಗುತ್ತದೆ ಎಂಬುದಷ್ಟೇ ಅವನ ಭಯ, ಬೇರೇನೂ ಅಲ್ಲ. 'ಪ್ರಧಾನ ಛಾಯಾಗ್ರಾಹಕರ ಅಪ್ಪಣೆಯಿಲ್ಲದೆ ಸಹಾಯಕನು ಫಿಲ್ಮನ್ನು ವ್ಯರ್ಥಗೊಳಿಸಿದನು' ಎಂದು ಬರೆದು ಮೊಹರು ಒತ್ತಿದ. ಒಂದಕ್ಷರವೂ ಸುಳ್ಳಲ್ಲ. ಇಕುನೊನನ್ನು ಕೆಲಸದಿಂದ ತೆಗೆದರು, ಪಟ್ಟಿಯಿಂದ ಹೆಸರು ಹೋಯಿತು, ಹನ್ನೊಂದನೆಯ ದಿನ ಸೈನ್ಯಕ್ಕೆ ಕರೆಯುವ ಕೆಂಪು ಕಾಗದ ಬಂತು. ಆಮೇಲೆ ಫಿಲ್ಮ್ ಜೋಡಿಸುವ ಮೇಜಿನ ಮೇಲೆ ನಿರ್ದೇಶಕ ಆ ನಲವತ್ತು ಅಡಿಯನ್ನು ನೋಡಿ, ಎರಡು ಸಿಗರೇಟು ಸೇದಿ, ಇಡೀ ಚಿತ್ರದ ಕೊನೆಯನ್ನು ಕಿತ್ತು ಅದನ್ನು ಅಲ್ಲಿ ಕೂರಿಸಿದ. ಜನ ಅತ್ತರು. ಪತ್ರಿಕೆಗಳು ಬರೆದವು. ಈಗ ಛಾಯಾಗ್ರಹಣಕ್ಕೆ ಪ್ರಶಸ್ತಿ, ಮುಖ್ಯವಾಗಿ ಆ ಒಂದು ಶಾಟಿಗಾಗಿ.

ಟ್ರಾಮು ತಿರುವಿನಲ್ಲಿ ಕಿರುಗುಟ್ಟಿತು. ಯಾರೋ ಅವನ ಕಾಲು ತುಳಿದು ಕ್ಷಮೆ ಕೇಳಿದರು, ಅವನೂ ತಿರುಗಿ ಕ್ಷಮೆ ಕೇಳಿದ. ತುಳಿಸಿಕೊಂಡವನು ಕ್ಷಮೆ ಕೇಳುವುದು ಎಷ್ಟು ಸುಲಭ ಎಂದುಕೊಂಡ. ವರ್ಷವಿಡೀ ಪ್ರತಿ ಶನಿವಾರ ತನ್ನ ಪಾಲಿನ ಗೆಣಸಿನಲ್ಲಿ ನಾಲ್ಕು ತೆಗೆದು ನುಯಿಗೆ ಕೊಟ್ಟುಬರುತ್ತಿದ್ದ. ಗಂಡ ಹೋದಮೇಲೆ ಹುಟ್ಟಿದ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಅವಳು ಬಾಗಿಲಲ್ಲೇ ಮಂಡಿಯೂರಿ, 'ಗುರುಗಳೇ, ನಿಮ್ಮ ಋಣ ಹೇಗೆ ತೀರಿಸಲಿ' ಎನ್ನುತ್ತಿದ್ದಳು. ದೂರು ಕೊಟ್ಟವರು ಯಾರೆಂದು ಅವಳಿಗೆ ಗೊತ್ತಿರಲಿಲ್ಲ. ಕಚೇರಿಯವರ ಕೆಲಸ ಎಂದುಕೊಂಡಿದ್ದಳು. ಇಕುನೊಗೆ ಗೊತ್ತಿತ್ತೇ? ದಕ್ಷಿಣದ ಯಾವುದೋ ದ್ವೀಪದಿಂದ ಬಂದ ಕಾರ್ಡಿನಲ್ಲಿ, 'ಮಳೆಗಾಲದಲ್ಲಿ ಮಸೂರಕ್ಕೆ ಬೂಷ್ಟು ಹಿಡಿಯುತ್ತದೆ, ಗುರುಗಳು ದಯವಿಟ್ಟು ನೋಡಿಕೊಳ್ಳಬೇಕು' ಎಂದಷ್ಟೇ ಇತ್ತು. ಆ ಕಾರ್ಡನ್ನು ಅವನು ಎಷ್ಟು ಸಲ ತಿರುವಿ ನೋಡಿದ್ದನೋ. ಗೊತ್ತಿದ್ದು ಹೀಗೆ ಬರೆದಿದ್ದರೆ ಅದು ಒಂದು ರೀತಿ, ಗೊತ್ತಿಲ್ಲದೆ ಬರೆದಿದ್ದರೆ ಇನ್ನೂ ಕೆಟ್ಟದ್ದು.

ಸಭಾಂಗಣದಲ್ಲಿ ಒಲೆ ಹೊತ್ತಿಸಿರಲಿಲ್ಲ. ಮಾತಾಡಿದವರ ಬಾಯಿಂದೆಲ್ಲ ಹೊಗೆ ಬರುತ್ತಿತ್ತು. ಎಲ್ಲರೂ ಎದ್ದು ಪೂರ್ವಕ್ಕೆ, ಚಕ್ರವರ್ತಿಯ ಅರಮನೆಯ ದಿಕ್ಕಿಗೆ ಬಾಗಿದರು. ಬಾಗಿದಾಗ ಕುರಮಿತ್ಸುವಿಗೆ ತನ್ನ ಮುಂದಿನವನ ಬೂಟಿನ ಹಿಮ್ಮಡಿ ಕಂಡಿತು, ಅದು ಮರದ್ದು. ಸಮಾರಂಭ ನಡೆಸುತ್ತಿದ್ದ ಹಾಚಿಯಾ ಎಂಬಾತ ತೆಳ್ಳಗಿನ, ಎಣ್ಣೆ ಹಾಕಿ ತಲೆ ಬಾಚಿದ ಮನುಷ್ಯ. ಪ್ರತಿ ವಿಜೇತನ ಕೈಗೂ ಮೊಹರು ಬಿದ್ದ ಒಂದು ಹಾಳೆ ಕೊಟ್ಟ.

"ಕುರಮಿತ್ಸು ಅವರೇ, ಇದನ್ನ ಓದಿದ್ರೆ ಸಾಕು. ಒಪ್ಪಿಗೆ ಆಗಿದೆ. ಒಂದೂವರೆ ನಿಮಿಷ."

"ನಂದು ಎರಡೇ ಮಾತಿದೆ."

"ಅದನ್ನೂ ಕೊನೆಗೆ ಸೇರಿಸ್ಬಿಡಿ, ಪರವಾಗಿಲ್ಲ. ವಿನಯದ್ದು ತಾನೆ?"

ಮೊದಲು ನಟಿಯ ಸರದಿ. ಸಾವೊಗಿ ಎಂದು ಅವಳ ಹೆಸರು, ಬಹಳ ದೊಡ್ಡ ನಟಿ. ನನ್ನಂಥ ಅಯೋಗ್ಯಳಿಗೆ ಇದು ಸಲ್ಲದು, ಇದು ನನ್ನ ಉಡುಗೆ ಕಟ್ಟಿದ ಅಜ್ಜಿಗೆ ಸಲ್ಲಬೇಕು ಎಂದಳು. ಚಪ್ಪಾಳೆ. ಕಥೆ ಬರೆದವನು, ನಾನೇನು ಬರೆದೆ, ಗಡಿಯಲ್ಲಿರುವವರ ರಕ್ತ ಬರೆಯಿತು ಎಂದ. ಇನ್ನೂ ಜೋರು ಚಪ್ಪಾಳೆ. ಸಂಗೀತದವನು ತನ್ನ ಕೈಗಳೇ ತನ್ನವಲ್ಲ ಎಂದುಬಿಟ್ಟ. ಕುರಮಿತ್ಸು ತನ್ನ ಎರಡು ಮಾತನ್ನು ನಾಲಿಗೆಯ ಮೇಲೆ ಹೊರಳಿಸುತ್ತಾ ಕೂತಿದ್ದವನು ಮೆಲ್ಲನೆ ಬೆವರತೊಡಗಿದ. ಮಾತಿನಲ್ಲಿ ಎಲ್ಲರೂ ಒಂದೇ ಬಾಗಿಲಿನಿಂದ ಒಳಗೆ ಹೋಗಿ ಒಂದೇ ಬಾಗಿಲಿನಿಂದ ಹೊರಗೆ ಬರುತ್ತಿದ್ದರು. ಆ ಬಾಗಿಲಿನ ಮೇಲೆ 'ನಾನಲ್ಲ' ಎಂದು ಬರೆದಿತ್ತು. ಅವನ ನಿಜವೂ ಅಲ್ಲಿಂದಲೇ ಹಾದುಹೋಗಬೇಕಿತ್ತು.

ಅವನ ಹೆಸರು ಕರೆದರು. ಆಯ್ಕೆ ಸಮಿತಿಯ ಅಭಿಪ್ರಾಯ ಓದಿದರು: ಆಚೆ ದಡದಲ್ಲಿ ಒಂಟಿ ಕಾಲಾಳು ತಿರುಗಿ ನೋಡುತ್ತಾನೆ, ಆದರೆ ಹಿಂದಿರುಗುವುದಿಲ್ಲ, ಇದೇ ನಮ್ಮ ಜನರ ದೃಢತೆ. ಪಾಪದ ಗೊಹೇ, 'ಮುಗೀತಾ? ಬರ್ಲಾ?' ಎಂದು ಕೇಳಲು ತಿರುಗಿದ್ದ. ಕುರಮಿತ್ಸು ಎಡಗಾಲಿಟ್ಟು ವೇದಿಕೆ ಹತ್ತಿದ. ಲೋಹ ಸಿಗದ ಕಾಲವಾದ್ದರಿಂದ ಮಣ್ಣಿನಲ್ಲಿ ಸುಟ್ಟು ಮಾಡಿದ ಕೊಕ್ಕರೆಯೊಂದನ್ನು ಅವನ ಕೈಗಿಟ್ಟರು. ಅದು ಬೆಚ್ಚಗಿತ್ತು. ಕೊಟ್ಟ ಅಧಿಕಾರಿ ಅದನ್ನು ಅಷ್ಟು ಹೊತ್ತು ಹಿಡಿದು ಕೂತಿದ್ದ. ಕುರಮಿತ್ಸು ಹಾಳೆ ಬಿಚ್ಚಲಿಲ್ಲ.

"ಈ ಶಾಟ್ ತೆಗೆದದ್ದು ನಾನಲ್ಲ," ಎಂದ. "ನನ್ನ ಸಹಾಯಕ ಇಕುನೊ ತಮೆಕಿಚಿ ತೆಗೆದದ್ದು. ಅವನೀಗ ಯುದ್ಧಭೂಮಿಯಲ್ಲಿದ್ದಾನೆ."

ಇನ್ನೊಂದು ಮಾತು ಬಾಕಿ ಇತ್ತು, ದೂರಿನದು. ಬಾಯಿ ತೆರೆಯುವಷ್ಟರಲ್ಲಿ ಸಭಾಂಗಣ ಎದ್ದುನಿಂತಿತು. ಹಾಗೆ ಯಾರಿಗೂ ಎದ್ದಿರಲಿಲ್ಲ. ಯಾರೋ ಮೂಗು ಸೀಟಿದರು. ಅಧಿಕಾರಿ ಕಣ್ಣು ಮುಚ್ಚಿ ತಲೆದೂಗಿದ. ಚಪ್ಪಾಳೆ ತಗ್ಗುವವರೆಗೆ ಕಾದು ಕುರಮಿತ್ಸು ದನಿ ಎತ್ತರಿಸಿದ: "ವಿನಯದ ಮಾತಲ್ಲ ಇದು, ಕೇಳಿ! ಅವನನ್ನ ಕಳಿಸಿದವನು ನಾನು!"

ಚಪ್ಪಾಳೆ ಮತ್ತೆ ಎದ್ದಿತು. ಆ ವರ್ಷ ತನ್ನವರನ್ನು ಯುದ್ಧಕ್ಕೆ 'ಕಳಿಸಿದೆ' ಎಂದು ಹೇಳದ ಯಜಮಾನನೇ ದೇಶದಲ್ಲಿ ಇರಲಿಲ್ಲ. ಅದು ಹೆಮ್ಮೆಯ ಮಾತು. ಹಿಂದಿನ ಸಾಲಿನಲ್ಲಿ ಹೆಂಗಸರು ಒಬ್ಬಳನ್ನು ಹಿಡಿದು ನಿಲ್ಲಿಸುತ್ತಿದ್ದರು. ನುಯಿ. ಬೆನ್ನಿನ ಮಗುವಿನ ಸಮೇತ ಅವಳು ನೆಲಕ್ಕೆ ಬಗ್ಗಿದಳು, ಎದ್ದಳು, ಮತ್ತೆ ಬಗ್ಗಿದಳು. ಅವಳ ಮುಖದಲ್ಲಿ ಕೃತಜ್ಞತೆ ಇತ್ತು. ಇದೊಂದನ್ನು ಅವನು ಎಣಿಸಿರಲಿಲ್ಲ. ಬೈಗುಳ ಎಣಿಸಿದ್ದ, ಬಂಧನ ಎಣಿಸಿದ್ದ, ಗಣಿಯನ್ನೂ ಎಣಿಸಿದ್ದ. ತಾನು ತಪ್ಪು ಒಪ್ಪಿಕೊಂಡದ್ದು ತನಗೇ ಇನ್ನೊಂದು ಬಹುಮಾನವಾಗಿ ಹಿಂದಿರುಗುತ್ತದೆ ಎಂದು ಎಣಿಸಿರಲಿಲ್ಲ. ಹಾಚಿಯಾ ಮೊಣಕೈ ಹಿಡಿದು ಕಿವಿಯಲ್ಲಿ, "ಅದ್ಭುತ, ಅದ್ಭುತ. ಸಾಕು. ಪತ್ರಿಕೆಯವರು ಬರ್ಕೊಂಡ್ರು" ಎಂದು ಅವನನ್ನು ಮೆಟ್ಟಿಲಿನತ್ತ ನಡೆಸಿದ.

ಮೆಟ್ಟಿಲು ಐದು. ಐದನ್ನು ಇಳಿಯುವಷ್ಟರಲ್ಲಿ ಅವನು ಒಂದು ವರ್ಷವನ್ನು ಇಳಿದ. ಮನೆಗೆ ಹೋಗಬಹುದು. ಹೇಳಿದ್ದಾಯಿತು, ಅವರು ಕೇಳಲಿಲ್ಲ, ನನ್ನ ತಪ್ಪೇನು? ಬಹಳ ಮೆತ್ತಗಿನ ಯೋಚನೆ, ಹಾಸಿಗೆಯ ಹಾಗೆ. ಅದರಲ್ಲಿ ಮಲಗಿದರೆ ಸಾಯುವವರೆಗೂ ನಿದ್ದೆ ಬರುತ್ತದೆ. ಮೊಹರು ಒತ್ತಿದ ದಿನವೂ ಹೀಗೇ ಮೆತ್ತಗಿತ್ತು: ಒಂದಕ್ಷರವೂ ಸುಳ್ಳಲ್ಲ. ಮಾತಿನಲ್ಲಿ ಹೇಳಿದರೆ ಇವರು ಅದನ್ನು ತಮಗೆ ಬೇಕಾದ ಹಾಗೆ ಮಡಚಿಕೊಳ್ಳುತ್ತಾರೆ ಎಂದು ಅವನಿಗೆ ಹೊಳೆಯಿತು. ಗುಟ್ಟಾಗಿ ಕಾಗದದ ಮೇಲೆ ಮಾಡಿದ್ದನ್ನು ಎಲ್ಲರೆದುರು ಕಾಗದದ ಮೇಲೆಯೇ ಬಿಚ್ಚಬೇಕು.

ವೇದಿಕೆಯ ಕೆಳಗೆ ಉದ್ದ ಮೇಜಿನ ಮೇಲೆ ವಿಜೇತರ ಪುಸ್ತಕ ತೆರೆದಿಟ್ಟಿದ್ದರು. ಒಬ್ಬೊಬ್ಬರಿಗೆ ಒಂದು ಪುಟ, ಕುಂಚದಲ್ಲಿ ಹೆಸರು ಮತ್ತು ಒಂದು ಸಾಲು ಬರೆಯುವುದು ಪದ್ಧತಿ. ಶಾಯಿ ಅರೆದು ಸಿದ್ಧವಿತ್ತು. ಕುರಮಿತ್ಸು ಕೊಕ್ಕರೆಯನ್ನು ನೆಲದ ಮೇಲಿಟ್ಟು, ಅಂಗಿಯ ಎರಡೂ ತೋಳು ಮಡಚಿ ಕುಂಚ ಹಿಡಿದ. ವಿನಯದ ಒಂದು ಪದವೂ ಬರದ ಹಾಗೆ, ಮಕ್ಕಳು ಪಾಟಿಯ ಮೇಲೆ ಬರೆಯುವ ಹಾಗೆ ಬಿಡಿಬಿಡಿಯಾಗಿ ಬರೆದ:

'ತೆಗೆದವನು ಇಕುನೊ ತಮೆಕಿಚಿ. ಆಗ ನಾನು ಬಿದಿರಿನ ಹಿಂದೆ ಹೊಟ್ಟೆ ಕೆಟ್ಟು ಕೂತಿದ್ದೆ. ಅದನ್ನು ಮುಚ್ಚಿಡಲು ಅವನ ಮೇಲೆ ದೂರು ಬರೆದುಕೊಟ್ಟೆ. ಅದರಿಂದ ಅವನ ಕೆಲಸ ಹೋಯಿತು, ಅದರಿಂದ ಅವನು ಯುದ್ಧಕ್ಕೆ ಹೋದ. ದೂರು ಕೊಟ್ಟವನು ಕುರಮಿತ್ಸು ಎಯ್ಸಾಕು.'

ಪಕ್ಕದಲ್ಲಿ ಸರದಿಗೆ ನಿಂತಿದ್ದ ನಟಿ ಸಾವೊಗಿ ಮೊದಲು ಓದಿದಳು. ಅವಳ ಬಾಯಿಂದ "ಅಯ್ಯೋ, ಹೊಟ್ಟೆ..." ಎಂದು ಅರ್ಧ ನಗು ಹೊರಟು, ಮುಂದಿನ ಸಾಲಿಗೆ ಬಂದಾಗ ಸತ್ತುಹೋಯಿತು. ಆ ನಗುವಿಗೆ ಅವನು ವರ್ಷವಿಡೀ ಹೆದರಿದ್ದ. ಬಂದು ಹೋಯಿತು, ಅಷ್ಟೇ. ಹಾಚಿಯಾ ಇಣುಕಿದ, ಬಿಳಿಚಿಕೊಂಡ.

"ಏನ್ರೀ ಮಾಡಿದ್ರಿ! ಪುಟ ಹಾಳಾಯ್ತಲ್ರೀ! ಶಾಯಿ ಹೀರೋ ಕಾಗದ ತನ್ನಿ ಯಾರಾದ್ರೂ, ಇನ್ನೂ ಹಸಿ ಇದೆ!"

"ಹಾಳಾಗಿಲ್ಲ. ಇದೇ ಸರಿ."

"ನಿಮಗೆ ತಲೆ ಕೆಟ್ಟಿದೆ. ನಾಳೆ ಮಂತ್ರಿಗಳು ನೋಡೋ ಪುಸ್ತಕ ಇದು!"

ಹಾಚಿಯಾ ತನ್ನ ಕರವಸ್ತ್ರವನ್ನೇ ತೆಗೆದು ಪುಟದ ಮೇಲೆ ಒತ್ತಲು ಬಗ್ಗಿದ. ಅವನ ಮಣಿಕಟ್ಟನ್ನು ಒಂದು ಕೈ ಹಿಡಿಯಿತು. ಫಿಲ್ಮ್ ಅಂಟಿಸಿ ಅಂಟಿಸಿ ಬೆರಳ ತುದಿ ಸಿಪ್ಪೆಯೆದ್ದ ಕೈ. ಧನ್ಯವಾದ ಹೇಳಲೆಂದು ಮುಂದೆ ಬಂದಿದ್ದ ನುಯಿ ಕುರಮಿತ್ಸುವಿನ ಬೆನ್ನ ಹಿಂದೆ ನಿಂತು ಓದಿ ಮುಗಿಸಿದ್ದಳು.

"ಮುಟ್ಬೇಡಿ," ಎಂದಳು. "ಒಣಗ್ಲಿ."

"ಅಮ್ಮಾ, ನಿಮಗೆ ಅರ್ಥ ಆಗಲ್ಲ, ಇವರು ಭಾವೋದ್ವೇಗದಲ್ಲಿ..."

"ನನಗೆ ಓದೋಕೆ ಬರುತ್ತೆ. ಒಣಗ್ಲಿ ಅಂದೆ."

ಬೆನ್ನಿನ ಮಗು ಎದ್ದು ಅಳತೊಡಗಿತು. ಅವಳು ಮಣಿಕಟ್ಟು ಬಿಡದೆ, ನಿಂತಲ್ಲೇ ಮಗುವನ್ನು ತೂಗುತ್ತಾ, ಶಾಯಿಯ ಹೊಳಪು ಒಂದೊಂದಕ್ಷರದಿಂದ ಆರಿಹೋಗುವುದನ್ನು ನೋಡಿದಳು. ಸಭಾಂಗಣದಲ್ಲಿ ಇನ್ನೂ ಕೆಲವರು ಅಭ್ಯಾಸಬಲದಿಂದ ಚಪ್ಪಾಳೆ ತಟ್ಟುತ್ತಿದ್ದರು. ಆಮೇಲೆ ಅದೂ ನಿಂತಿತು. ಕೊನೆಯ ಅಕ್ಷರ ಒಣಗಿದ ಮೇಲೆ ಅವಳು ಕುರಮಿತ್ಸುವಿನತ್ತ ತಿರುಗಿದಳು. ಗುರುಗಳೇ ಎನ್ನಲಿಲ್ಲ.

"ಇದನ್ನ ಬರೆಯೋಕೆ ನಿಮಗೆ ಒಂದು ವರ್ಷ ಬೇಕಾಯ್ತು. ಆ ದೂರನ್ನ ಬರೆಯೋಕೆ ಎಷ್ಟು ಹೊತ್ತು ಬೇಕಾಯ್ತು?"

ಸುಳ್ಳು ಹೇಳುವ ಅಗತ್ಯ ಈಗ ಇರಲಿಲ್ಲ. "ಎರಡು ನಿಮಿಷ," ಎಂದ.

"ನಮ್ಮ ಬಾಗಿಲಿಗೆ ಇನ್ನು ಬರ್ಬೇಡಿ," ಎಂದು ಹೇಳಿ ಅವಳು ಹೋದಳು. ಅವನು ಬಗ್ಗಿದ. ಬಗ್ಗಿದವನು ಬಹಳ ಹೊತ್ತು ಏಳಲಿಲ್ಲ, ಆದರೆ ಕ್ಷಮಿಸಿ ಎಂದು ಕೇಳಲೂ ಇಲ್ಲ. ಕೇಳಿದ್ದರೆ ಅವಳು ಏನಾದರೂ ಉತ್ತರ ಕೊಡಬೇಕಾಗುತ್ತಿತ್ತು. ಅಷ್ಟು ಭಾರವನ್ನು ಅವಳ ಮೇಲೆ ಹಾಕಬಾರದು ಎಂದು ಅವನಿಗೆ ಆ ಹೊತ್ತಿಗಾದರೂ ತಿಳಿದಿತ್ತು.

ಮರುದಿನದ ಪತ್ರಿಕೆಯಲ್ಲಿ 'ಶಿಷ್ಯನಿಗೆ ಗೌರವ ಅರ್ಪಿಸಿದ ಗುರು' ಎಂದು ಬಂತು. ತಿಂಗಳೊಳಗೆ ಕುರಮಿತ್ಸುವನ್ನು ಕಂಪನಿ ಬಿಟ್ಟಿತು. ಸುಗಾ ಹೇಳಿದ ಹಾಗೆ ಗಣಿಗೇ ಹೋದ, ಯುದ್ಧ ಮುಗಿಯುವವರೆಗೆ ಅಗೆದ, ಬದುಕಿ ಬಂದ. ಇಕುನೊ ಬರಲಿಲ್ಲ. ಆ ಪುಟವನ್ನು ಅದೇ ವಾರ ಅಲಗಿನಿಂದ ಕತ್ತರಿಸಿ ತೆಗೆದರು. ಎಷ್ಟು ಸಣ್ಣಗೆ ಕತ್ತರಿಸಿದ್ದರೆಂದರೆ ಹೊಲಿಗೆಯ ಬಳಿ ಬೆರಳಾಡಿಸಿದರೆ ಮಾತ್ರ ತಿಳಿಯುತ್ತಿತ್ತು. ನಾನು ಆಡಿಸಿ ನೋಡಿದ್ದೇನೆ. ಆ ಚಿತ್ರ ಇವತ್ತಿಗೂ ಅಲ್ಲಲ್ಲಿ ಓಡುತ್ತದೆ, ಹೆಸರುಗಳ ಪಟ್ಟಿಯಲ್ಲಿ ಕುರಮಿತ್ಸು ಇದ್ದಾನೆ, ಇಕುನೊ ಇಲ್ಲ.

ಆದ್ದರಿಂದ ಇದು ಇನ್ನು ಬಾಯಿಂದ ಬಾಯಿಗೆ ಹೋಗಬೇಕು, ಬೇರೆ ದಾರಿ ಇಲ್ಲ. ಇವತ್ತೇ ಯಾರಿಗಾದರೂ ಹೇಳಿ. ನಿಮ್ಮ ಮನೆಯವರಿಗೆ ಹೇಳಿ, ನಗುವವರಿಗೂ ಹೇಳಿ. ಹೇಳುವಾಗ ಕುರಮಿತ್ಸುವನ್ನು ದೊಡ್ಡ ಮನುಷ್ಯನನ್ನಾಗಿ ಮಾತ್ರ ಮಾಡಬೇಡಿ, ಮಾಡಿದರೆ ನೀವೂ ಆ ಸಭಾಂಗಣದಲ್ಲಿ ಎದ್ದುನಿಂತು ಚಪ್ಪಾಳೆ ತಟ್ಟಿದ ಹಾಗಾಗುತ್ತದೆ. ತೆಗೆದವನ ಹೆಸರು ಮೊದಲು ಹೇಳಿ. ಬರೆದುಕೊಟ್ಟವನ ಹೆಸರು ಆಮೇಲೆ.